ಹಸಿಮಣ್ಣಿನ ಪಾಠ: ಮೆಸೊಪೊಟೇಮಿಯಾ ಮತ್ತು ಚಿಕ್ಕಬಳ್ಳಾಪುರ ಸೀಮೆಯ ತರಗತಿ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಜಗತ್ತಿನ ಪ್ರಾಚೀನ ನಾಗರಿಕತೆಗಳ ಪಾಠ ಬಂದೊಡನೆ ಶಾಲೆಯೊಳಕ್ಕೆ ಥರ್ಮಾಕೋಲ್ ಹಾಳೆ ಬರುತ್ತದೆ. ಅದನ್ನು ಕತ್ತರಿಸಿ ಮೆಟ್ಟಿಲುಮೆಟ್ಟಿಲಾಗಿ ಅಂಟಿಸಿ ಜಿಗ್ಗುರಾಟ್ ಮಾಡುವುದು, ಪ್ಲಾಸ್ಟಿಕ್ ಎಲೆಗಳನ್ನು ಇಳಿಬಿಟ್ಟು ಬ್ಯಾಬಿಲೋನಿನ ತೂಗುತೋಟ ಮಾಡುವುದು, ಬಣ್ಣದ ಕಾಗದದಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳನ್ನು ಹರಿಸುವುದು ಇಂದು ‘ಚಟುವಟಿಕೆ ಆಧಾರಿತ ಕಲಿಕೆ’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಾಮಾನ್ಯ ರೂಢಿ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಅಂಕಗಳಿರುವುದರಿಂದ ಮಾದರಿ ಸಿದ್ಧವಾಗಲೇಬೇಕು. ಎಷ್ಟೋ ವೇಳೆ ಅದು ಮನೆಯಲ್ಲಿ ಹಿರಿಯರ ಕೈಯಲ್ಲಿ ಸಿದ್ಧವಾಗುತ್ತದೆ. ಇಲ್ಲಿ ಒಂದು ವಿಪರ್ಯಾಸವೂ ಇದೆ. ಪ್ರದರ್ಶನಗಳಿಗೆ ಬಹಳ ಪ್ರಿಯವಾದ ಆ ತೂಗುತೋಟವನ್ನು ಹೇಳುವವರು ಗ್ರೀಕ್ ಮತ್ತು ರೋಮನ್ ಲೇಖಕರು. ಬ್ಯಾಬಿಲೋನಿನ ಬೆಣೆಲಿಪಿಯ ದಾಖಲೆಗಳಲ್ಲಿ ಅದರ ಖಚಿತ ಉಲ್ಲೇಖವಿಲ್ಲ. ಅದು ಇದ್ದದ್ದು ನಿನೆವೆಯಲ್ಲಿ ಎಂದು ವಾದಿಸಿದ ವಿದ್ವಾಂಸರೂ ಉಂಟು. ಹೀಗೆ ಆಧಾರ ಅತ್ಯಂತ ದುರ್ಬಲವಾಗಿರುವ ವಸ್ತುವೇ ಮಕ್ಕಳ ಕೈಯಲ್ಲಿ ಅತ್ಯಂತ ಗಟ್ಟಿಯಾಗಿ ನಿಲ್ಲುತ್ತದೆ.

ದೋಷ ಕೈಕೆಲಸದ್ದಲ್ಲ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಮಗುವಿನ ಕೈಗೂ ಬುದ್ಧಿಗೂ ಇರುವ ಸಂಬಂಧವನ್ನು ಕೆಳಗಿನ ತರಗತಿಗಳಲ್ಲಿ ಚೆನ್ನಾಗಿಯೇ ತೋರಿಸಿಕೊಟ್ಟಿದೆ. ಹಿರಿಯ ಪ್ರಾಥಮಿಕ ಹಂತಕ್ಕೆ ಬರುವಾಗ ಆ ಸಂಬಂಧ ಸಡಿಲಗೊಂಡು ಕೈಗೆ ಅಲಂಕಾರದ ಕೆಲಸ, ತಲೆಗೆ ಕಂಠಪಾಠದ ಕೆಲಸ ಎಂಬ ವಿಭಜನೆಯಾಗುತ್ತದೆ. ಇತಿಹಾಸದ ಪಾಠದಲ್ಲಿ ಕೈ ಅನುಕರಿಸಬೇಕಾದದ್ದು ಪ್ರಾಚೀನರ ಕಟ್ಟಡವನ್ನಲ್ಲ, ಇತಿಹಾಸಕಾರನ ಕೆಲಸವನ್ನು. ಅದೇ ಪಠ್ಯಪುಸ್ತಕದ ಆರಂಭದಲ್ಲಿ ‘ಆಧಾರಗಳು’ ಎಂಬ ಪಾಠವಿದೆ. ಸಾಹಿತ್ಯಕ ಆಧಾರ, ಪುರಾತತ್ವ ಆಧಾರ ಎಂದು ಮಕ್ಕಳು ಅಲ್ಲಿ ವ್ಯಾಖ್ಯೆಗಳನ್ನು ಬರೆದುಕೊಳ್ಳುತ್ತಾರೆ. ಕೆಲವೇ ವಾರಗಳ ನಂತರ ಮೆಸೊಪೊಟೇಮಿಯಾ ಬಂದಾಗ ಆ ವ್ಯಾಖ್ಯೆಗಳ ನೆನಪೇ ಉಳಿದಿರುವುದಿಲ್ಲ. ಜಗತ್ತಿನ ಪ್ರಾಚೀನ ನಾಗರಿಕತೆಗಳಲ್ಲಿ ತನ್ನ ನಿತ್ಯಜೀವನದ ಲಿಖಿತ ಆಧಾರಗಳನ್ನು ಇಷ್ಟು ಹೇರಳವಾಗಿ ಉಳಿಸಿಹೋದ ಇನ್ನೊಂದು ದೊರೆಯುವುದು ಕಷ್ಟವೆಂಬುದನ್ನು ನೆನೆದರೆ ಈ ಮರೆವು ಸಣ್ಣ ನಷ್ಟವಲ್ಲ.

ಆರಂಭಿಸಬೇಕಾದದ್ದು ಮಣ್ಣಿನಿಂದ. ಬಯಲುಸೀಮೆಯ ಈ ತಾಲ್ಲೂಕುಗಳಲ್ಲಿ ಸದಾ ಹರಿಯುವ ನದಿಯಿಲ್ಲ, ಕೆರೆಗಳಿವೆ. ಕೆರೆಯಂಗಳದ ಜೇಡಿಮಣ್ಣನ್ನು ಕಲ್ಲು, ಬೇರು ತೆಗೆದು ನಾದಿ, ಅಂಗೈಯಗಲದ ಬಿಲ್ಲೆ ಮಾಡಿ, ಅದರ ಮೇಲೆ ಬಿದಿರ ಸೀಳಿನಿಂದ ತನ್ನ ಹೆಸರನ್ನು ಬರೆಯಲು ಮಗುವಿಗೆ ಹೇಳಬೇಕು. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಹಳೆಯದಾದಾಗ ಅದರಿಂದ ಬೇಕಾದಷ್ಟು ಸೀಳುಗಳು ಸಿಗುತ್ತವೆ. ಕನ್ನಡದ ದುಂಡು ಅಕ್ಷರವನ್ನು ಹಸಿಮಣ್ಣಿನಲ್ಲಿ ಎಳೆಯಹೋದರೆ ಗೀರಿನ ಎರಡೂ ಅಂಚಿಗೆ ಮಣ್ಣು ಎದ್ದು ನಿಲ್ಲುತ್ತದೆ, ಹಿಂದಿನ ಗೀರು ಮುಚ್ಚಿಹೋಗುತ್ತದೆ. ನಾಲ್ಕು ಅಕ್ಷರ ಬರೆಯುವುದರೊಳಗೆ ಮಗುವಿಗೆ ಬೇಸರ ಬರುತ್ತದೆ. ಆಗ ಎಳೆಯಬೇಡ, ಸೀಳಿನ ಮೂಲೆಯನ್ನು ಒತ್ತಿ ತೆಗೆ ಎಂದರೆ ಸಾಕು. ಒತ್ತಿದಲ್ಲಿ ಅಚ್ಚುಕಟ್ಟಾದ ಬೆಣೆ ಮೂಡುತ್ತದೆ. ಕ್ಯೂನಿಫಾರ್ಮ್ ಎಂಬ ಹೆಸರನ್ನು ಹತ್ತು ಸಲ ಬರೆಯಿಸುವುದರಿಂದ ತಿಳಿಯದ ಸಂಗತಿ, ಅಂದರೆ ಬರೆಯುವ ವಸ್ತುವೂ ಉಪಕರಣವೂ ಲಿಪಿಯ ಆಕಾರವನ್ನು ನಿರ್ಧರಿಸುತ್ತವೆ ಎಂಬುದು, ಇಲ್ಲಿ ಬೆರಳಿಗೆ ತಿಳಿಯುತ್ತದೆ. ತಾಳೆಗರಿಯ ನಾರಿಗೂ ಕನ್ನಡ ಲಿಪಿಯ ದುಂಡುತನಕ್ಕೂ ಸಂಬಂಧವಿದೆ ಎಂಬ ವಿದ್ವಾಂಸರ ಮಾತನ್ನು ಪರೀಕ್ಷಿಸಿ ನೋಡುವ ಕುತೂಹಲವೂ ಅಲ್ಲಿಂದಲೇ ಹುಟ್ಟಬಹುದು.

ನಿಪ್ಪುರದಲ್ಲಿ ದೊರೆತಿರುವ, ಸುಮಾರು ಮೂರು ಸಾವಿರದ ಏಳುನೂರು ವರ್ಷ ಹಿಂದಿನ ಪಾಠದ ಹಲಗೆಗಳನ್ನು ಇಲ್ಲಿ ನೆನೆಯಬೇಕು. ಅವುಗಳಲ್ಲಿ ಒಂದು ಬಗೆಯವು ದುಂಡಗಿನ ಬಿಲ್ಲೆಗಳು. ಗುರು ಬರೆದ ಮಾದರಿ ಒಂದೆಡೆ, ಅದನ್ನು ನೋಡಿಕೊಂಡು ಶಿಷ್ಯ ತಿದ್ದಿದ್ದು ಇನ್ನೊಂದೆಡೆ. ಶಿಷ್ಯನ ಸೊಟ್ಟ ಬೆಣೆಗಳು ಇಂದಿಗೂ ಕಾಣುತ್ತವೆ. ಶಾಲೆಗೆ ಹೋಗಿ ದಿನವಿಡೀ ಪೆಟ್ಟು ತಿಂದ ಹುಡುಗನ ಕಥೆಯೊಂದು ಸುಮೇರಿಯನ್ ಭಾಷೆಯಲ್ಲಿದೆ. ಕೊನೆಗೆ ತಂದೆ ಗುರುವನ್ನು ಮನೆಗೆ ಕರೆದು ಉಪಚರಿಸಿ ಉಡುಗೊರೆ ಕೊಟ್ಟ ಮೇಲೆ ಹುಡುಗನ ಯೋಗ್ಯತೆ ಗುರುವಿಗೆ ಕಾಣಿಸುತ್ತದೆ! ಕನ್ನಡ ನಾಡಿನ ಕೂಲಿಮಠಗಳ ವಿಚಾರ ಬಲ್ಲವರಿಗೆ ಈ ಕಥೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮಣ್ಣಿನ ಹಲಗೆಯ ಜೊತೆಗೇ ಮಾಡಿಸಬೇಕಾದ ಇನ್ನೊಂದು ವಸ್ತು ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಯಾಗಿ ಮಡಚಿ, ಬಳಪದ ಕಡ್ಡಿಯಿಂದ ಬರೆಯುವ ಈ ಪುಸ್ತಕ ಶಾನುಭೋಗರ ಮತ್ತು ವರ್ತಕರ ಲೆಕ್ಕಕ್ಕೆ ಶತಮಾನಗಳ ಕಾಲ ಆಧಾರವಾಗಿತ್ತು. ಕಡತದ ಬರಹವನ್ನು ಒರೆಸಬಹುದು, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದು. ಒಣಗಿದ ಮಣ್ಣಿನಲ್ಲಿ ಅದು ಸಾಧ್ಯವಿಲ್ಲ. ಹಾಗಾದರೆ ಸಾಲದ ಪತ್ರವನ್ನು ಯಾವುದರ ಮೇಲೆ ಬರೆಯಬೇಕು? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು, ಮೆಸೊಪೊಟೇಮಿಯಾದವರು ಕಂಡುಕೊಂಡ ಉಪಾಯವನ್ನು ಅವರ ಕೈಯಲ್ಲೇ ಮಾಡಿಸಬಹುದು. ಕರಾರನ್ನು ಬರೆದ ಹಲಗೆಗೆ ತೆಳುವಾದ ಮಣ್ಣಿನ ಲಕೋಟೆ ಹೊದಿಸಿ, ಅದೇ ಕರಾರನ್ನು ಲಕೋಟೆಯ ಮೇಲೂ ಬರೆದು, ಸಾಕ್ಷಿಗಳ ಮುದ್ರೆ ಒತ್ತುತ್ತಿದ್ದರು. ವ್ಯಾಜ್ಯ ಬಂದರೆ ಲಕೋಟೆ ಒಡೆದು ಒಳಗಿನದನ್ನು ಓದುವುದು. ಅಂಥದೊಂದು ಲಕೋಟೆಯನ್ನು ತರಗತಿಯಲ್ಲಿ ಒಡೆದು ನೋಡಿದ ಮಗುವಿಗೆ ಬರವಣಿಗೆ ಹುಟ್ಟಿದ್ದು ಕಾವ್ಯಕ್ಕಾಗಿಯಲ್ಲ, ನಂಬಿಕೆಯ ಕೊರತೆಯಿಂದ ಎಂಬ ಕಟುಸತ್ಯವನ್ನು ಬೇರೆ ಹೇಳಬೇಕಾಗುವುದಿಲ್ಲ.

ಕಾವ್ಯದ ಮಾತು ಬಂದದ್ದರಿಂದ ಒಂದು ಅಡ್ಡಮಾತು. ಕ್ರಿ.ಪೂ. 612ರಲ್ಲಿ ನಿನೆವೆ ಬೆಂದುಹೋಯಿತು, ಆದರೆ ಅಶುರ್‌ಬನಿಪಾಲನ ಗ್ರಂಥಾಲಯದ ಮಣ್ಣಿನ ಹಲಗೆಗಳನ್ನು ಬೆಂಕಿ ನಾಶಮಾಡಲಿಲ್ಲ. ಎಷ್ಟನ್ನೋ ಸುಟ್ಟು ಗಟ್ಟಿಮಾಡಿತು. ಅವುಗಳ ಮೂವತ್ತು ಸಾವಿರಕ್ಕೂ ಹೆಚ್ಚು ಹಲಗೆ ಮತ್ತು ಚೂರುಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಓಲೆಗರಿಗೆ ಆ ಭಾಗ್ಯವಿಲ್ಲ. ಬೆಂಕಿ, ನೀರು, ಹುಳು ಎಲ್ಲವೂ ಅದರ ವೈರಿಗಳು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದರ ಹಿರಿಮೆ ಈ ಹೋಲಿಕೆಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಣ್ಣಿನ ಹಲಗೆ ಮರೆತು ಬಿಟ್ಟರೂ ಉಳಿಯುತ್ತದೆ. ಓಲೆಗರಿ ತಲೆಮಾರಿಗೊಮ್ಮೆ ಯಾರಾದರೂ ಮತ್ತೆ ಬರೆದರೆ ಮಾತ್ರ ಉಳಿಯುತ್ತದೆ.

ಈ ಪ್ರದೇಶದ ಮಕ್ಕಳಿಗೆ ಮೆಸೊಪೊಟೇಮಿಯಾ ನಿಜವಾಗಿ ತೆರೆದುಕೊಳ್ಳುವ ಸ್ಥಳ ಮಾತ್ರ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ. ಗೂಡಿನ ಲಾಟಿನ ಸಂಖ್ಯೆ, ತೂಕ, ದರ, ಮಾರಿದ ರೈತ, ಕೊಂಡ ರೀಲರ್, ದಿನಾಂಕ: ಆ ವ್ಯವಹಾರ ಬಿಟ್ಟುಹೋಗುವ ದಾಖಲೆ ಇಷ್ಟೇ. ಕ್ರಿ.ಪೂ. 21ನೇ ಶತಮಾನದ, ಊರ್ ನಗರದ ಮೂರನೇ ರಾಜವಂಶದ ಕಾಲದ ಲೆಕ್ಕದ ಹಲಗೆಗಳನ್ನು ತೆಗೆದರೆ ಅಲ್ಲೂ ಇವೇ ಅಂಶಗಳು: ಎಷ್ಟು ಕುರಿ, ಯಾರಿಂದ ಬಂತು, ಯಾರು ಪಡೆದರು, ಯಾವ ದಿನ, ಯಾವ ತಿಂಗಳು, ಯಾವ ವರ್ಷ. ಅಲ್ಲಿ ವರ್ಷಕ್ಕೆ ಸಂಖ್ಯೆಯಿಲ್ಲ, ಹೆಸರಿದೆ: ಇಂಥ ಊರು ನಾಶವಾದ ವರ್ಷ, ಇಂಥ ದೇವಾಲಯ ಕಟ್ಟಿದ ವರ್ಷ. ಪ್ಲೇಗು ಬಂದ ವರ್ಷ, ಕೆರೆ ಕೋಡಿ ಹೋದ ವರ್ಷ ಎಂದು ಕಾಲವನ್ನು ಗುರುತಿಸುವ ಅಜ್ಜಿಯಿರುವ ಮನೆಯ ಮಗುವಿಗೆ ಇದು ವಿಚಿತ್ರವೆನಿಸದು. ಮಾರುಕಟ್ಟೆಯ ಒಂದು ಚೀಟಿಯನ್ನು ತರಗತಿಗೆ ತಂದು, ಊರು ಅಳಿದು ಈ ಚೀಟಿಯೊಂದೇ ಉಳಿದರೆ ಮುಂದಿನವರು ಇದರಿಂದ ಏನೇನು ಹೇಳಬಹುದು, ಏನನ್ನು ಹೇಳಲಾರರು ಎಂದು ಎರಡು ಪಟ್ಟಿ ಬರೆಯಿಸಬೇಕು. ಎರಡನೆಯ ಪಟ್ಟಿಯೇ ಮುಖ್ಯವಾದದ್ದು. ಗೂಡಿನ ಚೀಟಿಯಲ್ಲಿ ಸೊಪ್ಪು ಕತ್ತರಿಸಿ ತಂದವರ ಹೆಸರಿಲ್ಲ, ರಾತ್ರಿ ಎದ್ದು ಹುಳುಗಳಿಗೆ ಸೊಪ್ಪು ಹಾಕಿದವರ ಹೆಸರಿಲ್ಲ.

ಇದೇ ಜಾಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅದೇ ಕಾಲದ ಲಗಾಶ್ ಪ್ರಾಂತ್ಯದಲ್ಲಿ ಉಣ್ಣೆಯ ನೇಯ್ಗೆಗಾಗಿ ಸಾವಿರಾರು ಹೆಂಗಸರು, ಅವರೊಂದಿಗೆ ಅವರ ಮಕ್ಕಳು ದುಡಿಯುತ್ತಿದ್ದರು. ಅವರಿಗೆ ಅಳೆದುಕೊಟ್ಟ ಬಾರ್ಲಿಯ ಲೆಕ್ಕ ಉಳಿದುಬಂದಿದೆ. ಅಂದಿನ ‘ಸಿಲಾ’ ಎಂಬ ಅಳತೆ ಹೆಚ್ಚುಕಡಿಮೆ ಒಂದು ಲೀಟರು. ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲಾ, ಹೆಣ್ಣಾಳಿಗೆ ಸುಮಾರು 30. ಮಕ್ಕಳು ಕಡಲೆಕಾಯಿಯನ್ನೋ ರಾಗಿಯನ್ನೋ ಅಳೆದು ಈ ಎರಡು ರಾಶಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಲಿ. ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ತಾಯಿ ಬಿಸಿನೀರಿನ ಬಾಣಲೆಯ ಮುಂದೆ ಕುಳಿತು ದುಡಿಯುವ ಮನೆಯ ಮಗು ಆ ತರಗತಿಯಲ್ಲಿ ಇರುತ್ತದೆ. ಆ ಎರಡು ರಾಶಿಗಳನ್ನು ಕಂಡ ಮೇಲೆ ಮಗು ಕೇಳುವ ಪ್ರಶ್ನೆಗೆ ಉಪಾಧ್ಯಾಯರ ಬಳಿ ಸಿದ್ಧ ಉತ್ತರ ಇಲ್ಲದಿರಬಹುದು. ಇಂಥ ಪ್ರಶ್ನೆ ಏಳಲಿ ಎಂದೇ ಇತಿಹಾಸವನ್ನು ಕಲಿಸುವುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನೆ ಕೇಳುವುದನ್ನೇ ವಿದ್ಯೆಯ ತಿರುಳೆಂದು ಬಗೆದ ಎಚ್. ನರಸಿಂಹಯ್ಯನವರ ನಾಡಿನಲ್ಲಿ ಇದನ್ನು ಒತ್ತಿ ಹೇಳಬೇಕಾಗಿ ಬಂದಿರುವುದೇ ಸೋಜಿಗ.

ಅರವತ್ತರ ಗಣನೆಗೆ ಹೆಚ್ಚು ಸಮಯ ಬೇಕಾಗದು. ಗೌರಿಬಿದನೂರಿನ ಬಳಿಯ ರೇಡಿಯೋ ದೂರದರ್ಶಕ ಸೂರ್ಯನನ್ನು ಗಮನಿಸುವುದೂ ಕೈಗಡಿಯಾರ ನಿಮಿಷ ಎಣಿಸುವುದೂ ಬ್ಯಾಬಿಲೋನಿನ ಗಣಕರು ಬಳಸಿದ ಅರವತ್ತರ ವಿಭಾಗದಲ್ಲೇ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ ಎಂಬ ಪಂಚಾಂಗದ ಲೆಕ್ಕವನ್ನೂ ಪಕ್ಕದಲ್ಲಿ ಇಡಬಹುದು. ಶಾಲೆಯ 72 ಮಕ್ಕಳ ಸಂಖ್ಯೆಯನ್ನು ಬೆಣೆಗಳಲ್ಲಿ ಬರೆಯಿಸಿದರೆ ಒಂದಕ್ಕೂ ಅರವತ್ತಕ್ಕೂ ಒಂದೇ ಗುರುತು ಎಂಬ ತೊಡಕು ಎದುರಾಗಿ, ಸೊನ್ನೆಯ ಬೆಲೆ ತಾನಾಗಿ ತಿಳಿಯುತ್ತದೆ.

ಬೆಣೆಲಿಪಿಯನ್ನು ಓದಿದ ಕಥೆಯಲ್ಲಿ ತರಗತಿಗೆ ತುಂಬ ಒದಗುವ ಪ್ರಸಂಗವೊಂದಿದೆ. 1857ರಲ್ಲಿ ರಾಲಿನ್‌ಸನ್, ಹಿಂಕ್ಸ್, ಟಾಲ್‌ಬಟ್, ಓಪರ್ಟ್ ಎಂಬ ನಾಲ್ವರು ಅಸ್ಸೀರಿಯದ ಒಂದನೇ ತಿಗ್ಲತ್‌ಪಿಲೇಸರನ ಒಂದೇ ಶಾಸನವನ್ನು ಬೇರೆಬೇರೆಯಾಗಿ ಅನುವಾದಿಸಿ, ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಮುದ್ರೆಯೊತ್ತಿದ ಲಕೋಟೆಗಳಲ್ಲಿ ಸಲ್ಲಿಸಿದರು. ಪರೀಕ್ಷಕರು ಅವನ್ನು ಒಟ್ಟಿಗೆ ತೆರೆದು ನೋಡಿದಾಗ ಅರ್ಥಗಳು ಮುಖ್ಯವಾಗಿ ಹೊಂದಿಕೊಂಡವು. ಅಂದಿನಿಂದ ಆ ಲಿಪಿಯ ಓದಿಗೆ ಮಾನ್ಯತೆ ಗಟ್ಟಿಯಾಯಿತು. ಈ ಪರೀಕ್ಷೆಯನ್ನು ಮಕ್ಕಳು ನಡೆಸಲು ಬೆಣೆಲಿಪಿಯೇ ಬೇಕಿಲ್ಲ, ಊರಿನ ವೀರಗಲ್ಲು ಸಾಕು. ಸಂಜೆಯ ಓರೆಬಿಸಿಲಿನಲ್ಲಿ ಅದರ ಛಾಯಾಚಿತ್ರ ತೆಗೆದು (ಕಲ್ಲಿಗೆ ಎಣ್ಣೆ, ಸೀಮೆಸುಣ್ಣ ಹಚ್ಚುವ ಕೆಟ್ಟ ಚಾಳಿ ಬೇಡ) ನಾಲ್ಕು ಗುಂಪುಗಳಿಗೆ ಕೊಡುವುದು. ಕೆಳಗಿನ ಪಟ್ಟಿಕೆಯಲ್ಲಿ ಕಾಣುವುದೇನು, ದನಗಳಿವೆಯೇ, ವೀರನನ್ನು ಎತ್ತಿಕೊಂಡು ಹೋಗುತ್ತಿರುವವರು ಯಾರು, ಮೇಲಿನ ಪಟ್ಟಿಕೆ ಯಾವ ಲೋಕ ಎಂಬುದಕ್ಕೆ ಪ್ರತಿ ಗುಂಪೂ ತನ್ನ ಓದನ್ನು ಬರೆದು ಲಕೋಟೆಗೆ ಹಾಕಲಿ. ತೆರೆದಾಗ ಒಮ್ಮತವಾದ ಕಡೆ ಏಕೆ ಒಮ್ಮತ, ಭಿನ್ನವಾದ ಕಡೆ ಏಕೆ ಭಿನ್ನ ಎಂಬ ಚರ್ಚೆಯೇ ಪಾಠ.

ಆಧಾರವು ಹೇಳುವುದೆಲ್ಲ ನಡೆದದ್ದೇ ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು. ಸುಮೇರಿಯದ ರಾಜರ ಪಟ್ಟಿ ಪ್ರಳಯಕ್ಕೆ ಮೊದಲಿನ ಅಲುಲಿಮ್ ಎಂಬ ಅರಸನಿಗೆ 28,800 ವರ್ಷಗಳ ಆಳ್ವಿಕೆಯನ್ನು ಕೊಡುತ್ತದೆ. ನಗುವುದು ಸುಲಭ. ಆದರೆ ನಂದಿಯ ಸಮೀಪದ ಗೋಪಿನಾಥ ಬೆಟ್ಟದ ಪ್ರಾಚೀನ ಶಾಸನ ಅಲ್ಲಿನ ಅರ್ಹಂತ ಚೈತ್ಯವನ್ನು ದಶರಥನ ಮಗ ರಾಮನು ಕಟ್ಟಿಸಿದನೆಂದೂ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಹೇಳುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರ ತನ್ನನ್ನು ಬಕಾಸುರನ ಏಕಚಕ್ರಪುರವೆಂದು ನಂಬಿಕೊಂಡು ಬಂದಿದೆ. ಆದಿನಾಥರ ಆಯುಷ್ಯವನ್ನು ಜೈನ ಪುರಾಣಗಳು 84 ಲಕ್ಷ ಪೂರ್ವಗಳೆಂದು ಎಣಿಸುತ್ತವೆ. ಇಂಥ ಹೇಳಿಕೆಗಳನ್ನು ಅಪಹಾಸ್ಯ ಮಾಡುವುದೂ ಅಕ್ಷರಶಃ ಒಪ್ಪುವುದೂ ಓದಿನ ಸೋಲೇ. ಗೋಪಿನಾಥ ಬೆಟ್ಟದ ಶಾಸನ ತ್ರೇತಾಯುಗಕ್ಕೆ ಸಾಕ್ಷಿಯಲ್ಲ. ಅದನ್ನು ಕೊರೆಸಿದವರು ತಮ್ಮ ತೀರ್ಥಕ್ಕೆ ಎಷ್ಟು ಹಿರಿದಾದ ವಂಶವನ್ನು ಬಯಸಿದರು ಎಂಬುದಕ್ಕೆ ಗಟ್ಟಿ ಸಾಕ್ಷಿ. ರಾಜರ ಪಟ್ಟಿಯೂ ಹಾಗೆಯೇ. ಹದಿಮೂರು ವರ್ಷದ ಮಗುವಿಗೆ ಈ ಸೂಕ್ಷ್ಮ ತಿಳಿಯದು ಎನ್ನುವವರು ಮಕ್ಕಳೊಡನೆ ಹೆಚ್ಚು ಮಾತಾಡಿದವರಲ್ಲ.

ನೀರಿನ ವಿಷಯವನ್ನು ಮರೆಯುವಂತಿಲ್ಲ. ಹಮ್ಮುರಾಬಿಯ ಶಾಸನ ಎಂದರೆ ‘ಕಣ್ಣಿಗೆ ಕಣ್ಣು’ ಎಂಬ ನಾಟಕವನ್ನಷ್ಟೇ ಆಡಿಸುವುದು ವಾಡಿಕೆ. ಅದರ ಸುಮಾರು 282 ವಿಧಿಗಳಲ್ಲಿ 53ರಿಂದ 55ರವರೆಗಿನವು ತನ್ನ ಏರಿಯನ್ನು ಭದ್ರಪಡಿಸದೆ ಅಥವಾ ಕಾಲುವೆಯನ್ನು ತೆರೆದುಬಿಟ್ಟು ನೆರೆಯವನ ಬೆಳೆ ಹಾಳುಮಾಡಿದವನು ಧಾನ್ಯವನ್ನು ತುಂಬಿಕೊಡಬೇಕೆನ್ನುತ್ತವೆ. ಕೆರೆಯ ಏರಿ ಕಾಯ್ದವರಿಗೆ, ದುರಸ್ತಿ ಮಾಡಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಕೊಟ್ಟ ಶಾಸನಗಳ ನಾಡಿನಲ್ಲಿ, ನೀರುಗಂಟಿಯ ಕೆಲಸ ಇನ್ನೂ ನೆನಪಿನಲ್ಲಿರುವ ಊರುಗಳಲ್ಲಿ, ಇಂದು ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯಲ್ಲಿ ಈ ವಿಧಿಗಳ ಮೇಲೆಯೇ ತರಗತಿಯ ನ್ಯಾಯಾಲಯ ಕೂಡಬೇಕು. ಕಣ್ಣಿನ ವಿಧಿಯನ್ನೂ ಪೂರ್ತಿ ಓದಿಸಬೇಕು. ಕಣ್ಣು ಕಳೆದುಕೊಂಡವನು ಸಮಾನನಾದರೆ ಕಣ್ಣಿಗೆ ಕಣ್ಣು. ಕೆಳಗಿನವನಾದರೆ ಬೆಳ್ಳಿಯ ದಂಡ. ಗುಲಾಮನಾದರೆ ಅವನ ಬೆಲೆಯ ಅರ್ಧ. ಇದನ್ನು ಮುಚ್ಚಿಟ್ಟು ಹಮ್ಮುರಾಬಿಯನ್ನು ನ್ಯಾಯಮೂರ್ತಿಯಾಗಿ ಮೆರೆಸಿದರೆ, ನೀರೂ ಬೀದಿಯೂ ಜಾತಿಯಂತೆ ಹಂಚಿಹೋದ ಊರುಗಳಿಂದ ಬರುವ ಮಕ್ಕಳಿಗೆ ದ್ರೋಹ ಬಗೆದಂತಾಗುತ್ತದೆ.

ಇಷ್ಟೆಲ್ಲ ಹೋಲಿಕೆಗಳಿಂದ ಒಂದು ಅಪಾಯವೂ ಇದೆ. ಜಿಗ್ಗುರಾಟ್‌ಗೂ ಗೋಪುರಕ್ಕೂ ರೂಪಸಾಮ್ಯ ಕಂಡೊಡನೆ ಸಂಬಂಧ ಕಟ್ಟುವ, ಪದಗಳ ಧ್ವನಿಸಾಮ್ಯದಿಂದ ಸುಮೇರಿಯನ್ನರನ್ನು ಕನ್ನಡಿಗರನ್ನಾಗಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಗೂಡಿನ ಚೀಟಿಗೂ ಊರ್‌ನ ಹಲಗೆಗೂ ಇರುವುದು ಹೋಲಿಕೆ, ನಂಟಲ್ಲ. ನಂಟು ಬೇಕಾದರೆ ನಿಜವಾದದ್ದೇ ಇದೆ: ಸಿಂಧೂ ಕಣಿವೆಯೆಂದು ಬಹುಮಟ್ಟಿಗೆ ಗುರುತಿಸಲಾಗಿರುವ ಮೆಲುಹ್ಹದ ಹಡಗುಗಳು ತನ್ನ ಅಕ್ಕಾಡಿನ ಕಟ್ಟೆಗೆ ಬಂದವೆಂದು ಸಾರ್ಗೋನ್ ಹೇಳಿಕೊಂಡಿದ್ದಾನೆ, ಶು-ಇಲಿಶು ಎಂಬವನ ಮುದ್ರೆ ಅವನನ್ನು ಮೆಲುಹ್ಹ ಭಾಷೆಯ ದುಭಾಷಿ ಎಂದು ಗುರುತಿಸುತ್ತದೆ. ತೆಲುಗು ಮತ್ತು ಕನ್ನಡಗಳ ನಡುವೆ ದಿನವೂ ಓಡಾಡುವ ಚಿಂತಾಮಣಿಯ ಮಗುವಿಗೆ ದುಭಾಷಿಯ ಬೆಲೆ ಗೊತ್ತು.

ಸಮಯವೆಲ್ಲಿದೆ ಎಂಬ ಉಪಾಧ್ಯಾಯರ ಆಕ್ಷೇಪ ನ್ಯಾಯವಾದದ್ದು. ಮುಕ್ಕಾಲು ಗಂಟೆಯ ತರಗತಿ, ಮುಗಿಸಬೇಕಾದ ಪಠ್ಯ, ತುಂಬಬೇಕಾದ ದಾಖಲೆಗಳ ನಡುವೆ ಮೇಲೆ ಹೇಳಿದ್ದೆಲ್ಲವನ್ನೂ ಮಾಡಿಸಲಾಗದು. ಒಂದನ್ನು, ಮಣ್ಣಿನ ಲಕೋಟೆಯನ್ನೋ ಗೂಡಿನ ಚೀಟಿಯನ್ನೋ, ಸರಿಯಾಗಿ ಮಾಡಿಸಿದರೂ ಥರ್ಮಾಕೋಲಿಗೆ ಕಳೆಯುವ ಹೊತ್ತು ಉಳಿಯುತ್ತದೆ. ಉಪಾಧ್ಯಾಯರೊಬ್ಬರಿಂದಲೇ ಆಗದ ಕೆಲಸ ಬೇರೆಯಿದೆ. ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನಗಳೂ ಅದರಲ್ಲೇ ತಾಲ್ಲೂಕುವಾರಾಗಿ ಸೇರಿವೆ. ಸಮಾಜ ವಿಜ್ಞಾನದ ಉಪಾಧ್ಯಾಯರಿಗೆ ಅದನ್ನು ಹುಡುಕುವ ಬಿಡುವೂ ಹಳಗನ್ನಡವನ್ನು ಬಿಡಿಸುವ ಅಭ್ಯಾಸವೂ ಇರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆ ಅಭ್ಯಾಸವಿರುವವರು ಅದೇ ಪಟ್ಟಣಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿದ್ದಾರೆ. ಶಾಸನಗಳನ್ನು ಪರೀಕ್ಷೆಗಾಗಿ ಓದಿ ಮುಗಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿದ್ದಾರೆ. ಶಾಲೆಯೊಂದಕ್ಕೆ ಒಂದು ಹಾಳೆ ಸಾಕು: ಆ ಊರಿನದೋ ಪಕ್ಕದ ಊರಿನದೋ ಒಂದು ಶಾಸನದ ಅಥವಾ ವೀರಗಲ್ಲಿನ ಚಿತ್ರ, ಮೂಲಪಾಠ, ಪದವಿಂಗಡಣೆ, ಸಂದೇಹವಿರುವ ಅಕ್ಷರಗಳ ಗುರುತು. ಅರ್ಥವನ್ನು ಮಾತ್ರ ಬೇರೆ ಲಕೋಟೆಯಲ್ಲಿ ಮುದ್ರೆಯೊತ್ತಿ ಉಪಾಧ್ಯಾಯರ ಕೈಗೆ ಕೊಡಬೇಕು. ಮಕ್ಕಳ ನಾಲ್ಕು ಲಕೋಟೆಗಳು ತೆರೆದ ಮೇಲಷ್ಟೇ ಅದು ತೆರೆಯಲಿ.